ದೊಡ್ಡ ವೈನಿಯ ಮೆಹಂದಿ ಕೈ

ನಮ್ಮ ಮನೆಗೆ ಸೊಸೆಯಂದಿರು ಇಬ್ಬರು. ಈ ಕಡೆ ಅಣ್ಣನ ಹೆಂಡತಿಗೆ ವೈನಿ ಅನ್ನುತ್ತಾರೆ. ನಾದಿನಿ ಅಂಬಿಕಾಗೆ ವಿಜಯಶ್ರೀ ದೊಡ್ಡ ವೈನಿ, ನಾನು ಸಣ್ಣ ವೈನಿ. ವಿಜಯಶ್ರೀ ಎಂದರೆ ನನ್ನ ಗಂಡನ ಅಣ್ಣ ಗುರುಲಿಂಗ ಅವರ ಹೆಂಡತಿ. ನಾನು ಅವಳನ್ನು ಅಕ್ಕ ಎನ್ನುತ್ತೇನೆ, ಬೇರೆ ಏನನ್ನಲು ಬರುತ್ತದೆ? ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಯಾರಾದರೂ ಬಾಗಿಲಿಗೆ ಬಂದು "ವೈನಿ ಅದಾರೇನ್ರಿ?" ಎಂದು ಕೇಳಿದರೆ, ನಾನು ಎದುರಿಗೇ ನಿಂತಿದ್ದರೂ ಅವರ ಕಣ್ಣು ನನ್ನ ಹೆಗಲ ಮೇಲಿಂದ ಹಾದು ಒಳಗೆ ಹುಡುಕುತ್ತದೆ. ನಾನು "ಇದ್ದಾರೆ, ಬನ್ನಿ" ಎಂದು ಪಕ್ಕಕ್ಕೆ ಸರಿಯುತ್ತೇನೆ. ಸರಿದು ಸರಿದು ಅಭ್ಯಾಸವಾಗಿದೆ.

ಬರುವವರೆಲ್ಲ ಬರುವುದು ಮೆಹಂದಿಗೆ. ಮದುವೆ ಇರಲಿ, ಸೀಮಂತ ಇರಲಿ, ಓಣಿಯ ಹೆಂಗಸರಿಗೆ ಅಕ್ಕನ ಕೈಯೇ ಆಗಬೇಕು. ಅವಳ ತವರು ಕೊಹಿನೂರ. ತಂದೆ ಬಕ್ಕಪ್ಪನವರ ಹೊಲದ ಬದುವಿಗೆ ಮೆಹಂದಿಯ ಗಿಡಗಳೇ ಬೇಲಿಯಂತೆ. ಸಣ್ಣವಳಿದ್ದಾಗ ಆ ಎಲೆ ಅರೆದು ಕಂಡಕಂಡದ್ದಕ್ಕೆಲ್ಲ ಹಚ್ಚುತ್ತಿದ್ದಳಂತೆ. ಒಮ್ಮೆ ಮಧ್ಯಾಹ್ನ ಮಲಗಿದ್ದ ತಂದೆಯ ಅಂಗಾಲಿಗೂ ಹಚ್ಚಿಬಿಟ್ಟಳು, ಬಕ್ಕಪ್ಪನವರು ಆ ಕೆಂಪು ಅಂಗಾಲಿನಲ್ಲೇ ಸೊಸೈಟಿಯ ಮೀಟಿಂಗಿಗೆ ಹೋಗಿ, ಚಪ್ಪಲಿ ಬಿಟ್ಟು ಜಮಖಾನೆಯ ಮೇಲೆ ಕುಳಿತ ಮೇಲೆಯೇ ಅವರಿಗೆ ಗೊತ್ತಾದದ್ದು. ಈ ಕಥೆಯನ್ನು ಅಕ್ಕ ಪ್ರತಿ ಮದುವೆಯಲ್ಲೂ ಹೇಳುತ್ತಾಳೆ. ಪ್ರತಿ ಮದುವೆಯಲ್ಲೂ ಜನ ಹೊಸದಾಗಿ ಕೇಳಿದಂತೆ ನಗುತ್ತಾರೆ. ಅದನ್ನೂ ನನಗೆ ಸಹಿಸಲಾಗುವುದಿಲ್ಲ.

ಅವಳು ಕೆಲಸ ಮಾಡುವುದನ್ನು ನೋಡಬೇಕು. ಪುಡಿಯನ್ನು ಹಳೆಯ ಶಿಫಾನ್ ಸೀರೆಯ ತುಂಡಿನಲ್ಲಿ ಮತ್ತೆ ಮತ್ತೆ ಸೋಸುತ್ತಾಳೆ, ಒಂದು ಕಸವೂ ಕೋನಿನ ಬಾಯಿಗೆ ಅಡ್ಡ ಬರಬಾರದು. ನಿಂಬೆರಸ, ಸಕ್ಕರೆ, ತಣ್ಣಗಾದ ಚಹಾದ ಡಿಕಾಕ್ಷನ್, ಮೇಲೊಂದಿಷ್ಟು ಲವಂಗದ ಎಣ್ಣೆ. ಕಲಸಿ ಸ್ಟೀಲಿನ ಡಬ್ಬಿಯಲ್ಲಿ ಮುಚ್ಚಿಟ್ಟು, ಮೇಲಿನ ಪದರ ಕಂದು ಬಣ್ಣಕ್ಕೆ ತಿರುಗುವವರೆಗೆ ಯಾರಿಗೂ ಮುಟ್ಟಗೊಡುವುದಿಲ್ಲ. ಆಮೇಲೆ ತನ್ನ ಎಡ ಮುಂಗೈ ಮೇಲೆ ಒಂದು ಚುಕ್ಕೆ ಇಟ್ಟು ಪರೀಕ್ಷೆ. ಹಳೆಯ ಚುಕ್ಕೆ ಮಾಸುವ ಮೊದಲೇ ಹೊಸದು ಬಂದು ಅವಳ ಮುಂಗೈ ಸದಾ ಚುಕ್ಕೆ ಚುಕ್ಕೆ. ಅಂಥ ಕೈಯಿಂದಲೇ ರೊಟ್ಟಿ ಬಡಿಯುತ್ತಾಳೆ, ಮಕ್ಕಳಿಗೆ ಹೊಡೆಯುತ್ತಾಳೆ. ಅವಳ ಅಂಗೈಗೆ ಮಾತ್ರ ಯಾವ ಕಂಪನಿಯ ಪುಡಿ ಹಚ್ಚಿದರೂ ಬೆಳಗಾಗುವಷ್ಟರಲ್ಲಿ ಬಣ್ಣ ಕಪ್ಪಿಗೆ ತಿರುಗಿರುತ್ತದೆ. ಮೈ ಕಾವಿನ ಗುಣ ಅಷ್ಟೇ. ಆದರೆ ಅದನ್ನು ತನ್ನ ವಿದ್ಯೆ ಎಂದೇ ಅವಳು ತಿಳಿದಿದ್ದಾಳೆ.

ನಾನು ಓದಿದ್ದು ಕಲಬುರಗಿಯಲ್ಲಿ, ಡ್ರಾಯಿಂಗ್ ಪರೀಕ್ಷೆಯೂ ಪಾಸಾಗಿದೆ. ಮದುವೆಯಾಗಿ ಬಂದ ಹೊಸದರಲ್ಲಿ ಅಂಬಿಕಾಳ ಕೈಗೆ ಒಮ್ಮೆ ನಾನೇ ಹಚ್ಚಿದ್ದೆ. ನವಿಲಿನ ಒಂದೊಂದು ಗರಿಯೂ ಬೇರೆ ಬೇರೆ ಕಾಣುವಂತೆ ಬಿಡಿಸಿದ್ದೆ. ಮರುದಿನ ನೋಡಿದರೆ ಹಾಲು ಹೆಚ್ಚಾದ ಚಹಾದ ಬಣ್ಣ. ಅಂಬಿಕಾ ಪಾಪ, "ಡಿಸೈನ್ ಭಾಳ ಚಲೋ ಅದ ವೈನಿ" ಎಂದಳು. ಡಿಸೈನ್ ಚಲೋ ಅದ ಎಂಬ ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಅವಳು ಕರುಣೆಯಿಂದ ಆಡಿದ್ದಳು, ಅದಕ್ಕೇ ಇನ್ನೂ ಚುಚ್ಚುತ್ತದೆ.

ಇನ್ನು ನನ್ನ ಮಗಳು ಮುಕ್ತಾ. ಮೂರು ತುಂಬಿಲ್ಲ. ಡಬ್ಬಿಯ ಮುಚ್ಚಳದ ಸಪ್ಪಳ ಕೇಳಿದರೆ ಸಾಕು, ನನ್ನ ಕೈಯ ತುತ್ತು ಬಿಟ್ಟು "ದೊಡ್ಡವ್ವಾ, ನನಗ ಚುಕ್ಕಿ" ಎಂದು ಅಂಗೈ ಚಾಚಿಕೊಂಡು ಓಡುತ್ತಾಳೆ. ಲವಂಗದ ಎಣ್ಣೆ ಕೂಸಿನ ಚರ್ಮಕ್ಕೆ ಆಗುತ್ತದೋ ಇಲ್ಲವೋ, ಅದೇ ಕೈ ಬಾಯಿಗೆ ಹೋದರೆ ಹೇಗೆ, ಕಣ್ಣು ತಿಕ್ಕಿಕೊಂಡರೆ? ಹೀಗೆ ನನ್ನ ತಲೆ ತಿರುಗುತ್ತಿರುತ್ತದೆ. ಒಮ್ಮೆ ಹೇಳಿಯೂ ನೋಡಿದೆ. ಅಕ್ಕ ಅಂದಿದ್ದು ಇಷ್ಟೇ: "ನನ್ನ ಎರಡ್ ಗಂಡಸ್ ಮಕ್ಕಳು ಇದನ್ನ ನೆಕ್ಕೇ ದೊಡ್ಡವರಾಗ್ಯಾವ. ನಿನ್ನ ಮಗಳೇನ್ ಬೆಣ್ಣಿಯಾಗ ಮಾಡಿದ್ದೇನು?" ಮುಕ್ತಾ ಅವಳ ತೊಡೆಯ ಮೇಲೆ ಕೂತು ನನ್ನನ್ನು ನೋಡಿ ನಕ್ಕಳು. ಎರಡೂ ಮುಖ ಒಟ್ಟಿಗೆ ನಕ್ಕದ್ದನ್ನು ಕಂಡು ಹೊಟ್ಟೆಯಲ್ಲಿ ಯಾರೋ ಒಲೆ ಹಚ್ಚಿದಂತಾಯಿತು.

ಹೀಗಿರುವಾಗ ಅಂಬಿಕಾಗೆ ಹುಮನಾಬಾದಿನ ಬಟ್ಟೆ ವ್ಯಾಪಾರಿಗಳ ಮನೆಯಿಂದ ಸಂಬಂಧ ಬಂತು. ನಿಶ್ಚಯದ ದಿನ ವರನ ಸೋದರತ್ತೆ ಕೇಶರಬಾಯಿ ಎಲ್ಲರ ಮುಂದೆ ಹೇಳಿದರು: "ಮೆಂದಿ ಹಚ್ಚಾಕ ನಮ್ಮ ಕಡಿಯಿಂದ ಪಾರ್ಲರಿನ ಹುಡುಗಿಗೆ ಕಳಸ್ತೀವಿ."

ಅಂಬಿಕಾ ತಲೆ ಎತ್ತಿದಳು. "ಬ್ಯಾಡ್ರಿ ಆತ್ಯಾ. ನಮ್ಮ ದೊಡ್ಡ ವೈನಿ ಹಚ್ತಾರ."

"ಹೌದಾ? ನೋಡೂಣಲ್ಲ ಹಂಗಾದ್ರ. ಬಣ್ಣ ಬರಾಬರ್ ಬಂತಂದ್ರ ಮುಂದ ನಮ್ಮ ಹುಡುಗೇರ ಲಗ್ನಕ್ಕೂ ಅವರಿಗೇ ಕರಸ್ತೀನಿ."

ಆವತ್ತು ಅಕ್ಕನ ಮುಖ ನೋಡಬೇಕಿತ್ತು. ಅಲ್ಲಿಯವರೆಗೆ ಅವಳ ಹೆಸರು ನಮ್ಮ ಓಣಿ ದಾಟಿರಲಿಲ್ಲ. ತವರಿಗೆ ಬಿಟ್ಟರೆ ಮತ್ತೆಲ್ಲಿಗೂ ಅವಳು ಒಬ್ಬಳೇ ಬಸ್ಸು ಹತ್ತಿದವಳಲ್ಲ. ಸಂಜೆ ಭಾವನವರ ಮುಂದೆ ತಟ್ಟೆ ಇಡುತ್ತಾ, "ಹುಮನಾಬಾದಕ್ಕ ನಾ ಒಬ್ಬಾಕಿನೇ ಹೋಗಾಕಿ. ಕೋನಿನ ಚೀಲ ತೊಡಿ ಮ್ಯಾಲ ಇಟ್ಕೊಂಡು, ಖಿಡಕಿ ಬಲ್ಲಿ ಕೂತು" ಎಂದಳು. ಭಾವ "ಮೊದಲ ಸಾರು ನೀಡು" ಎಂದರು. ಅವಳಿಗೆ ಕೇಳಿಸಲೇ ಇಲ್ಲ. ಅಂದಿನಿಂದ ಅಂಬಿಕಾಳ ಅಂಗೈಗಳೇ ಅವಳ ಚಿಂತೆ. ನನಗೂ ಅದೇ ಚಿಂತೆ, ಆದರೆ ಬೇರೆ ಥರದ್ದು. ಒಂದು ಸಲ, ಒಂದೇ ಒಂದು ಸಲ, ಇವಳ ಬಣ್ಣವೂ ಪೇಲವವಾಗಲಿ ಎಂದು ನನ್ನ ಮನಸ್ಸು ಹಾರೈಸುತ್ತಿತ್ತು. ಹಾರೈಸಬೇಡ ಎಂದರೆ ಕೇಳುವ ಮನಸ್ಸಲ್ಲ ಅದು.

ಮದುವೆ ಭಾನುವಾರ. ಗುರುವಾರ ಬಳೆ ಇಡಿಸಿ ಶುಕ್ರವಾರ ಬೆಳಿಗ್ಗೆ ಮೆಹಂದಿ ಎಂದು ಗೊತ್ತಾಗಿತ್ತು. ನಮ್ಮ ಅತ್ತೆ ಮಾಣಿಕಮ್ಮನವರ ಮನೆತನದಲ್ಲಿ ಮದುಮಗಳ ಕೈಗೆ ಮೊದಲು ಹಸಿರು ಬಳೆ, ಅದರ ಮೇಲೆ ಮೆಹಂದಿ. ಬರಿಗೈಗೆ ಮೆಹಂದಿ ಸೋಕುವಂತಿಲ್ಲ. ಬಳೆ ಇಡಿಸುವ ಫಾಜಿಲ್ ಕಾಕಾ ಗುರುವಾರ ಬರಲೇ ಇಲ್ಲ. ಹುಡಗಿ ಎಂಬ ಊರಿನಲ್ಲೊಂದು ಮದುವೆಗೆ ಹೋದವರು ಅಲ್ಲಿಂದ ಫೋನು ಮಾಡಿದರು. "ಇಲ್ಲಿ ಹೆಣ್ಮಕ್ಕಳು ಬಿಡವಲ್ರು ಅಮ್ಮಾ. ಒಬ್ಬಾಕಿಗೆ ಇಟ್ರ ಹತ್ತು ಮಂದಿ ಕೈ ಚಾಚ್ತಾರ. ನಾಳಿ ಬಂದೇ ಬರ್ತೀನಿ."

ಶುಕ್ರವಾರ ಬೆಳಿಗ್ಗೆ ಮೆಹಂದಿ ಸಿದ್ಧವಾಗಿತ್ತು, ಅಂಬಿಕಾಳೂ ಸಿದ್ಧಳಾಗಿದ್ದಳು, ಬಳೆಗಳಿಲ್ಲ. ನಾನು ಸುಮ್ಮನಿರಬಹುದಿತ್ತು. ಇರಲಾಗಲಿಲ್ಲ. ಏನಾದರೂ ಕೆಡುತ್ತದೆ ಎಂದು ಗೊತ್ತಾದರೆ ನನ್ನ ಬಾಯಿ ನಿಲ್ಲುವುದಿಲ್ಲ.

"ಅಕ್ಕಾ, ಇವತ್ತೇ ಹಚ್ಚಿಬಿಡು. ಮೊಬೈಲಿನಾಗ ನೋಡೀನಿ, ಮೆಂದಿ ಬಣ್ಣ ತುಂಬಾಕ ಎರಡ್ ದಿನ ಬೇಕು. ಕೆರದು ತೆಗದಾಗ ಕಿತ್ತಳಿ ಬಣ್ಣ ಇರ್ತದ, ಆಮ್ಯಾಲ ಗಾಳಿಗೆ ಕಪ್ಪಾಗ್ತದ. ಬಳಿ ಬೇಕಾದ್ರ ಸಂಜಿಗೆ ಕೈಗೆ ಪ್ಲಾಸ್ಟಿಕ್ ಸುತ್ತಿ ಇಡಸಬಹುದು."

ಅತ್ತೆ ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು. "ಬೋಳ ಕೈಗೆ ಮೆಂದಿ ಹಚ್ತಾರೇನ? ನಿಮ್ಮ ಕಲಬುರಗಿದಾಗ ಹಚ್ತಿರಬೇಕು."

ಅಕ್ಕನಾದರೂ ನನ್ನ ಕಡೆ ನಿಲ್ಲಬಹುದು ಅಂದುಕೊಂಡೆ, ಅವಳಿಗೇ ಲಾಭದ ಮಾತದು. ಅವಳು ಮುಂಗೈ ತಿರುಗಿಸಿ ಹಿಂದಿನ ದಿನದ ಚುಕ್ಕೆ ತೋರಿಸಿದಳು. ಇದ್ದಿಲಿನಂತಿತ್ತು. "ನಿನ್ನಿ ಇಟ್ಟದ್ದು ನೋಡು. ಒಂದು ರಾತ್ರಿಗೆ ಹಿಂಗ. ನನ್ನ ಮೆಂದಿಗೆ ನಿನ್ನ ಮೊಬೈಲು ಎರಡ್ ದಿನ ಹೇಳ್ತದೇನು? ನೀ ಫಿಕರ್ ಮಾಡಬ್ಯಾಡ, ನಿನ್ನ ಕೂಸಿನ ಮೂಗು ಒರಸು."

ಅದು ಅವಳ ಕೈ. ಅಂಬಿಕಾಳದ್ದು ಬೇಸಿಗೆಯಲ್ಲೂ ತಣ್ಣಗೆ ಬೆವರುವ ಕೈ. ಇಷ್ಟು ವರ್ಷ ಕಾಕಾ ಒಮ್ಮೆಯೂ ತಪ್ಪಿಸಿರಲಿಲ್ಲ, ಹಾಗಾಗಿ ಇಂಥ ಅವಸರದಲ್ಲಿ ದಿನ ಲೆಕ್ಕ ಹಾಕುವ ಪ್ರಸಂಗ ಅಕ್ಕನಿಗೆ ಬಂದಿರಲೇ ಇಲ್ಲ. ನಾನು ಮುಕ್ತಾಳ ಮೂಗು ಒರೆಸಿದೆ.

ಫಾಜಿಲ್ ಕಾಕಾ ಬಂದದ್ದು ಸಂಜೆ ದೀಪ ಹಚ್ಚುವ ಹೊತ್ತಿಗೆ. ಅಂಬಿಕಾಳ ಕೈಗೆ ಮಣಿಕಟ್ಟಿನವರೆಗೆ ಕೊಬ್ಬರಿ ಎಣ್ಣೆ ಸವರಿ, ಹೆಬ್ಬೆರಳಿನ ಗೆಣ್ಣು ಒತ್ತಿ, ಬಿಗಿಯಾದ ಬಳೆಗಳನ್ನು ಒಂದೊಂದಾಗಿ ಏರಿಸಿದರು. ಅವಳು ಕಣ್ಣು ಮುಚ್ಚಿ ಚೀರಿದಾಗಲೆಲ್ಲ, "ಆತು ಬೇಟಾ, ನಾಡದು ಗಂಡ ಇದಕ್ಕಿಂತ ಬಿಗಿ ಹಿಡೀತಾನ" ಎನ್ನುತ್ತಿದ್ದರು.

"ಇಷ್ಟು ಬಿಗಿ ಹಿಡದ್ರ ಹೊಳ್ಳಿ ಇಲ್ಲೇ ಬರ್ತೀನಿ ಕಾಕಾ!"

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಎಣ್ಣೆ ಕುಡಿದು ಮಿರುಗುತ್ತಿದ್ದ ಆ ಅಂಗೈಗಳಿಗೆ ಇನ್ನು ಬಣ್ಣ ಹಿಡಿದೀತೇ ಎಂದು ನಾನು ಅಕ್ಕನತ್ತ ತಿರುಗಿದೆ. ಅವಳು ಕಡಲೆಹಿಟ್ಟಿನಿಂದ ತೊಳೆದರೆ ಆಯಿತು ಎಂಬಂತೆ ಕೈಯಾಡಿಸಿದಳು. ದೀಪ ಹಚ್ಚಿದ ಮೇಲೆ ಮೆಹಂದಿ ಬೇಡವೆಂದು ಅತ್ತೆ ಅಂದರು. ಹೀಗೆ ಕೆಲಸ ಶನಿವಾರಕ್ಕೆ ಬಿತ್ತು.

ಶನಿವಾರ ಬೆಳಿಗ್ಗೆಯಿಂದ ಅಕ್ಕ ಅಂಬಿಕಾಳನ್ನು ಗೋಡೆಗೆ ಒರಗಿಸಿ ಕೂರಿಸಿಕೊಂಡಳು. ಕಡಲೆಹಿಟ್ಟು, ನಿಂಬೆಹಣ್ಣು ತಿಕ್ಕಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಎರಡೂ ಕೈ, ಎರಡೂ ಕಾಲು ತುಂಬಿಸುತ್ತಾ ಹೋದಳು. ಗೆರೆ ಎಳೆಯುವಾಗ ಅವಳು ಉಸಿರು ಬಿಡುವುದೇ ಗೊತ್ತಾಗುವುದಿಲ್ಲ. "ಅಲ್ಲಾಡಬ್ಯಾಡ. ಅಲ್ಲಾಡಿದ್ರ ಮದಿಮಗನ ಮೂಗು ಸೊಟ್ಟ ಬರ್ತದ ನೋಡು. ಮೊದಲೇ ಜರಾ ಸೊಟ್ಟ ಅದ." ಅಂಬಿಕಾ ನಗು ತಡೆಯಲಾರದೆ ಕಣ್ಣೀರು ಹಾಕುತ್ತಿದ್ದಳು.

ಕೈಕಾಲಿಗೆ ಮೆಹಂದಿ ತುಂಬಿಸಿಕೊಂಡ ಮದುಮಗಳಿಗೆ ಎಲ್ಲವನ್ನೂ ಇನ್ನೊಬ್ಬರು ಮಾಡಬೇಕು. ನೀರು ಕುಡಿಸಬೇಕು, ಮುಖದ ಮೇಲಿನ ಕೂದಲು ಸರಿಸಬೇಕು, ಬೆನ್ನು ಕೆರೆಯಬೇಕು. ಅವಳಿಗೆ ಉಣ್ಣಿಸುವುದು ನಾನೇ ಎಂದು ತೀರ್ಮಾನಿಸಿದ್ದೆ. ಈ ಮನೆಯಲ್ಲಿ ನನ್ನೊಡನೆ ಪಿಸುಮಾತು ಆಡಿದವಳು ಅವಳೊಬ್ಬಳೇ, ಮರುದಿನದಿಂದ ಅವಳೂ ಇರುವುದಿಲ್ಲ. ಅವಳಿಗಿಷ್ಟವೆಂದು ಚುರಮುರಿ ನೆನೆಸಿ ಒಗ್ಗರಿಸಿ ಸುಸಲಾ ಮಾಡಿ, ಮೇಲೆ ಪುಟಾಣಿಯ ಹಿಟ್ಟು ಉದುರಿಸಿ ತಟ್ಟೆ ತಂದೆ. ಅಷ್ಟರಲ್ಲಿ ಮುಕ್ತಾ ಹೊಸಿಲಿಗೆ ಎಡವಿ ಬಿದ್ದು ಕಿರುಚಿದಳು. ತುಟಿ ಒಡೆಯಿತೇನೋ, ಹಲ್ಲು ಅಲುಗಿತೇನೋ ಎಂದು ನಾನು ಓಡಿದೆ. ಓಡುವಾಗ ಅಕ್ಕ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡಳು.

ಮಗುವಿಗೆ ಏನೂ ಆಗಿರಲಿಲ್ಲ. ತಿರುಗಿ ಬಂದು ನೋಡಿದರೆ ಅಕ್ಕ ಕೈ ತೊಳೆದು ನನ್ನ ಸುಸಲಾ ಉಣ್ಣಿಸುತ್ತಿದ್ದಾಳೆ. "ಬಾಯಿ ತೆಗಿ. ದೊಡ್ಡದು ತೆಗಿ. ಅತ್ತಿ ಮನ್ಯಾಗ ಮತ್ತ ಇಷ್ಟು ತೆಗೀಬ್ಯಾಡ."

"ಭಾಳ ರುಚಿ ಅದ ವೈನಿ" ಎಂದಳು ಅಂಬಿಕಾ, ಅಕ್ಕನ ಮುಖ ನೋಡುತ್ತಾ.

ಮಾಡಿದ್ದು ನಾನು ಎಂದು ಹೇಳಬೇಕೆನಿಸಿತು. ಹೇಳಿದರೆ ಎಷ್ಟು ಸಣ್ಣದಾಗಿ ಕೇಳಿಸುತ್ತದೆ! ಒಳಗೆ ಹೋಗಿ ಪಾತ್ರೆ ತೊಳೆದೆ.

ಸಂಜೆ ಹೆಂಚಿನ ಮೇಲೆ ಲವಂಗ ಹುರಿದು ಆ ಹೊಗೆಗೆ ಕೈ ಹಿಡಿಸಿ, ಒಣಗಿದ ಮೆಹಂದಿಯನ್ನು ಚಮಚದ ಹಿಂಬದಿಯಿಂದ ಅಕ್ಕ ಕೆರೆದು ಉದುರಿಸಿದಳು. ಒಳಗಿಂದ ಹೊರಬಂದದ್ದು ತೆಳು ಕಿತ್ತಳೆ. "ಬೆಳಿಗ್ಗಿ ನೋಡ್ರಿ" ಎಂದಳು. ಬೆಳಿಗ್ಗೆ ನಾಲ್ಕು ತಂಬಿಗೆಗಳ ನಡುವೆ ಕೂರಿಸಿ, ಸುರಗಿಯ ನೀರು ಹಾಕಿ ಮದುಮಗಳನ್ನು ಎಬ್ಬಿಸಿದಾಗ ಕಿತ್ತಳೆ ಕೇವಲ ಒಂದು ಹೆಜ್ಜೆ ಮುಂದೆ ಹೋಗಿತ್ತು, ಅಷ್ಟೇ.

ಮಂಟಪದಲ್ಲಿ ಕೇಶರಬಾಯಿ ಬಂದವರೇ ಅಂಬಿಕಾಳ ಕೈ ಹಿಡಿದು ಬೆಳಕಿಗೆ ತಿರುಗಿಸಿದರು. "ಅಯ್ಯ, ಇದೇನ್ ಗಜ್ಜರಿ ಬಣ್ಣ! ಇದೇನ್ರಿ ನಿಮ್ಮ ದೊಡ್ಡ ವೈನಿ ಹಚ್ಚಿದ್ದು?" ಅವರ ಹಿಂದಿದ್ದ ಹೆಂಗಸರು ಇಣುಕಿದರು. ಒಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ನನಗೆ ಖುಷಿಯಾಯಿತು. ಆಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಾಯಿಗೆ ಬೆಲ್ಲ ಬಿದ್ದಷ್ಟು ಖುಷಿ, ಅದು ಕರಗುವಷ್ಟೇ ಹೊತ್ತು.

ಕೇಶರಬಾಯಿ ಪರ್ಸಿನಿಂದ ಒಂದು ಕೋನು ತೆಗೆದರು. ಅಂಗಡಿಯದು, ಮೇಲೆ ಹೊಳೆಯುವ ಕಾಗದ. "ಇದು ಹತ್ತು ನಿಮಿಷಕ್ಕ ಕರ್ರಗ ಮಾಡ್ತದ. ಗೆರಿ ಮ್ಯಾಲ ಗೆರಿ ಎಳೀರಿ ವೈನಿ, ಯಾರಿಗೂ ಮಾಲೂಮ್ ಆಗಂಗಿಲ್ಲ. ನಿಮ್ಮ ಹೆಸರೂ ಉಳೀತದ."

ಅಕ್ಕ ಕೋನು ತೆಗೆದುಕೊಂಡಳು. ಅಂಥದ್ದೇ ಕಪ್ಪು ಕೋನು ಹಚ್ಚಿಕೊಂಡು ನನ್ನ ಚಿಕ್ಕಮ್ಮನ ಮಗಳ ಕೈ ಗುಳ್ಳೆ ಎದ್ದು ನೀರು ಸೋರಿದ್ದನ್ನು ಕಣ್ಣಾರೆ ಕಂಡವಳು ನಾನು. "ಅಕ್ಕಾ, ಬ್ಯಾಡ. ಅದರಾಗ ಕೆಮಿಕಲ್ ಇರ್ತದ, ಗುಳ್ಳಿ ಏಳ್ತಾವ" ಎಂದೆ. ಕೇಶರಬಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅಕ್ಕ ನನ್ನ ಕಡೆ ತಿರುಗಲೂ ಇಲ್ಲ. ತನ್ನ ಮುಂಗೈಯ ಚುಕ್ಕೆಗಳ ಪಕ್ಕದಲ್ಲಿ ಹೊಸದೊಂದು ಚುಕ್ಕೆ ಒತ್ತಿ ಮೂಗಿನ ಹತ್ತಿರ ತಂದಳು. ಕೂದಲಿಗೆ ಹಚ್ಚುವ ಡೈಯ ವಾಸನೆ ನನಗೂ ಬಂತು. ಅವಳ ಕಣ್ಣು ಅಂಬಿಕಾಳ ಕೈಯಿಂದ ಕೋನಿಗೆ, ಕೋನಿನಿಂದ ಕೈಗೆ ಹೋಗಿ ಬರುತ್ತಿತ್ತು. ಹಚ್ಚಿಯೇಬಿಡುತ್ತಾಳೆ ಅಂದುಕೊಂಡೆ. ಹುಮನಾಬಾದಿನ ಬಸ್ಸಿನ ಕಿಟಕಿ ಆ ಕೋನಿನಲ್ಲಿತ್ತು.

ಸೆರಗಿನಿಂದ ಚುಕ್ಕೆ ಒರೆಸಿ ಅವಳು ಕೋನನ್ನು ವಾಪಸು ಕೊಟ್ಟಳು. "ನಿಮ್ಮದು ಚಲೋನೇ ಇರಬಹುದು ಬಾಯಾರ. ಆದ್ರ ನಾ ಹಚ್ಚಿದ್ದರ ಮ್ಯಾಲ ಅಂಗಡಿ ಬಣ್ಣ ಬಳಿಯಂಗಿಲ್ಲ. ಮೆಂದಿ ಬಣ್ಣ ತುಂಬಾಕ ಎರಡ್ ದಿನ ಬೇಕು. ನಾಡದು ನೋಡ್ರಿ."

ನನ್ನದೇ ಮಾತು, ಅಕ್ಷರ ಕೂಡ ಬದಲಿಲ್ಲ! ಅತ್ತೆ ಪಕ್ಕದಲ್ಲೇ ನಿಂತು ಹೌದೌದು ಎಂಬಂತೆ ತಲೆಯಾಡಿಸಿದರು. ಯಾರೊಬ್ಬರೂ ನನ್ನ ಕಡೆ ನೋಡಲಿಲ್ಲ. ಗುಳ್ಳೆಯ ಭಯಕ್ಕೆ ಅವಳು ಬೇಡವೆಂದಳು ಎಂದು ನಾನು ನಂಬುವುದಿಲ್ಲ. ಅದು ಜಂಬ. ಆದರೆ ಎಂಥ ಜಂಬ! ಕಳೆದುಕೊಳ್ಳುವಾಗಲೂ ಕತ್ತು ಬಾಗದ ಜಂಬ. ಅದನ್ನೂ ಕಂಡು ನನಗೆ ಉರಿಯಿತು.

"ಫೋಟೋ ಇವತ್ತ ತೆಗೀತಾರ, ನಾಡದು ಅಲ್ಲ" ಎಂದು ಕೇಶರಬಾಯಿ ಪರ್ಸು ಮುಚ್ಚಿದರು.

ಅಕ್ಕ ಆ ದಿನ ಪಂಕ್ತಿಗೆ ಕೂರಲಿಲ್ಲ. ಎಲ್ಲ ಮದುವೆಗಳಲ್ಲಿ ನಡುವೆ ಕೂತು ತಂದೆಯ ಅಂಗಾಲಿನ ಕಥೆ ಹೇಳುವವಳು, ಅಡಿಗೆಯವರ ಹತ್ತಿರ ನೀರಿನ ಡ್ರಮ್ಮಿನ ಪಕ್ಕ ನಿಂತಿದ್ದಳು. ಹೆಣ್ಣು ಒಪ್ಪಿಸುವಾಗ ಅಂಬಿಕಾ ನನ್ನನ್ನು ತಬ್ಬಿಕೊಂಡು ಅತ್ತಳು. ಆಮೇಲೆ ಅಕ್ಕನನ್ನು ತಬ್ಬಿಕೊಂಡಳು. ಅಲ್ಲಿಂದ ಅವಳನ್ನು ಬಿಡಿಸಲು ಇಬ್ಬರು ಬೇಕಾಯಿತು.

ಮರುದಿನ ಮನೆ ಸುಮ್ಮನಿತ್ತು. ಅಕ್ಕ ಡಬ್ಬಿ ತೆಗೆಯಲಿಲ್ಲ. ಮುಕ್ತಾ ಅಂಗೈ ಚಾಚಿಕೊಂಡು ಎರಡು ಸಲ ಹೋಗಿ ಬಂದಳು, ಅವಳು "ಹೋಗು, ನಿಮ್ಮವ್ವನ ಬಲ್ಲಿ ಹೋಗು" ಎಂದಳು. ಮಗು ನನ್ನ ಬಳಿ ಬಂತು. ನನಗೆ ಬೇಕಿದ್ದದ್ದು ಅದೇ, ಆದರೆ ಕಳಿಸಿಕೊಟ್ಟದ್ದು ಅವಳು.

ಮಂಗಳವಾರ ಮಧ್ಯಾಹ್ನ ಓಣಿಯ ಸೀಮಂತವೊಂದಕ್ಕೆ ಬೇಡವೆಂದರೂ ಬಿಡದೆ ಕರೆದಿದ್ದರು. ಅಕ್ಕ ಮಣಿಕಟ್ಟಿನವರೆಗೆ ಹಸಿರು ಮಾಡಿಕೊಂಡು ಬೋಗುಣಿಯಲ್ಲಿ ಮೆಹಂದಿ ಕಲಸುತ್ತಿದ್ದಳು. ನನ್ನ ಫೋನು ಬಡಿದುಕೊಂಡಿತು. ಅಂಬಿಕಾಳ ವೀಡಿಯೊ ಕಾಲ್. ನನಗೇ ಮಾಡಿದ್ದಾಳೆ! ತಲೆಗೂದಲು ಸರಿಮಾಡಿಕೊಂಡು ಎತ್ತಿದೆ.

"ಸಣ್ಣ ವೈನಿ, ದೊಡ್ಡ ವೈನಿ ಎಲ್ಲಿ? ಅವರು ಫೋನೇ ಎತ್ತವಲ್ರು. ಅವರಿಗೆ ಕೊಡ್ರಿ, ಜಲ್ದಿ."

ಅಕ್ಕನ ಕೈ ಖಾಲಿ ಇರಲಿಲ್ಲ. ನಾನೇ ಅವಳ ಎದುರು ಮಂಡಿಯೂರಿ ಕೂತು ಫೋನನ್ನು ಅವಳ ಕಡೆ ತಿರುಗಿಸಿ ಹಿಡಿದೆ.

"ನೋಡ್ರಿ ವೈನಿ, ನೋಡ್ರಿ! ಎರಡೂ ಕಡಿ ನೋಡ್ರಿ!" ಅಂಬಿಕಾ ಕಿರುಚುತ್ತಿದ್ದಳು. ಹಿಂದಿನಿಂದ ಕೇಶರಬಾಯಿಯ ದನಿ ನುಗ್ಗಿತು. "ಕರೀ ದ್ರಾಕ್ಷಿ ಆಗ್ಯಾವ್ರಿ ವೈನಿ! ಮುಂಜಾನಿಯಿಂದ ನಮ್ಮ ಓಣಿ ಹೆಣ್ಮಕ್ಕಳು ಸಾಲ ಹಚ್ಚಿ ನೋಡಿ ಹೋಗಾಕತ್ತಾರ. ದೀಪಾವಳಿ ಮುಂದ ನಮ್ಮ ಹುಡುಗೀದು ಲಗ್ನ ಅದ. ನೀವೇ ಬರಬೇಕು, ನಾ ಬ್ಯಾರೇದವರಿಗೆ ಹೇಳಂಗಿಲ್ಲ."

"ಟೈಮ್ ಸಿಗ್ತದೋ ಇಲ್ಲೋ ನೋಡಬೇಕ್ರಿ ಬಾಯಾರ" ಎಂದಳು ಅಕ್ಕ. ಹಾಗೆನ್ನುವಾಗ ಅವಳ ಮುಖ ಕೆಂಪಗಾಗಿ, ಕಣ್ಣು ತುಂಬಿ, ಹಸಿರು ಕೈಯಿಂದ ಒರೆಸಿಕೊಳ್ಳಲಾಗದೆ ಭುಜಕ್ಕೆ ಕೆನ್ನೆ ತಿಕ್ಕಿಕೊಂಡಳು. ಮುಕ್ತಾ ಯಾವಾಗಲೋ ಹೋಗಿ ಅವಳ ತೊಡೆ ಏರಿ, ಪರದೆಗೆ ಮೂಗು ತಾಗಿಸಿ ಕೈ ಬೀಸುತ್ತಿದ್ದಳು.

ಎಲ್ಲರೂ ನೋಡುತ್ತಿದ್ದರು. ಆ ಬಣ್ಣ ಎಷ್ಟು ಗಾಢವಾಗಿತ್ತೋ ನನಗೆ ಗೊತ್ತಿಲ್ಲ. ನನ್ನ ಕಡೆಗಿದ್ದದ್ದು ಫೋನಿನ ಬೆನ್ನು. ತೋಳು ಸೋತು ಕೈ ತುಸು ಇಳಿಯಿತು.

"ಜರಾ ಮ್ಯಾಲ ಹಿಡಿಯೇ" ಎಂದಳು ಅಕ್ಕ, ಪರದೆಯಿಂದ ಕಣ್ಣು ತೆಗೆಯದೆ. "ಬೆರಳು ಕಾಣವಲ್ವು."

ನಾನು ಮೇಲೆ ಹಿಡಿದೆ.